ವಾರ್ಡಿನಲ್ಲಿ ಫ್ರೇಲ್ಟಿ ಸ್ಕೋರ್: ವಯಸ್ಸಾದ ರೋಗಿಯ ಸಾವಿನ ಅಪಾಯ ಅಳೆಯುವ ಬಗೆ

ಒಂದೇ ದಿನ ದಾಖಲಾದ ಇಬ್ಬರು ಅಜ್ಜಂದಿರು. ಇಬ್ಬರಿಗೂ 74ರ ಆಸುಪಾಸು, ಇಬ್ಬರಿಗೂ ನ್ಯುಮೋನಿಯಾ, ಬಿಪಿ ಮತ್ತು ಆಮ್ಲಜನಕದ ಅಂಕಿಗಳಲ್ಲೂ ಹೆಚ್ಚು ವ್ಯತ್ಯಾಸವಿಲ್ಲ. ಒಬ್ಬರು ಜ್ವರ ಬರುವ ಹಿಂದಿನ ವಾರದವರೆಗೂ ರಾತ್ರಿ ಕರೆಂಟು ಬಂದಾಗ ಎದ್ದುಹೋಗಿ ಕಬ್ಬಿಗೆ ನೀರು ಹಾಯಿಸುತ್ತಿದ್ದರು. ಇನ್ನೊಬ್ಬರು ವರ್ಷದಿಂದ ಕಟ್ಟೆ ಇಳಿದಿಲ್ಲ, ಜಳಕಕ್ಕೆ ಮಗ ಬೇಕು. ಕೇಸ್ ಶೀಟಿನಲ್ಲಿ ಇವರಿಬ್ಬರೂ ಒಂದೇ ಥರ ಕಾಣುತ್ತಾರೆ. ಸಾಯುವ ಅಪಾಯ ಮಾತ್ರ ಒಂದೇ ಅಲ್ಲ. ಆ ವ್ಯತ್ಯಾಸವನ್ನು ಅಂಕಿಯಲ್ಲಿ ಹಿಡಿಯುವ ಸಾಧನವೇ ಫ್ರೇಲ್ಟಿ ಸ್ಕೋರ್. ಫ್ರೇಲ್ಟಿ ಅಂದರೆ ದೇಹದ ಮೀಸಲು ಶಕ್ತಿ ಕರಗಿ ಬಂದ ನಿತ್ರಾಣ.

ಬೆಳಗಾವಿ, ಬಾಗಲಕೋಟೆ, ವಿಜಯಪುರದ ಜಿಲ್ಲಾ ಮತ್ತು ಮೆಡಿಕಲ್ ಕಾಲೇಜು ಆಸ್ಪತ್ರೆಗಳ ಡ್ಯೂಟಿ ಡಾಕ್ಟರು, ಪಿಜಿ ವಿದ್ಯಾರ್ಥಿಗಳು, ಸ್ಟಾಫ್ ನರ್ಸುಗಳು ಇದನ್ನು ಸರಿಯಾಗಿ ಹಾಕುವುದು ಹೇಗೆ, ಎಲ್ಲಿ ತಪ್ಪುತ್ತದೆ, ಬಂದ ಅಂಕಿಯಿಂದ ಏನು ಮಾಡಬಹುದು, ಏನು ಮಾಡಬಾರದು ಎಂಬುದು ಇಲ್ಲಿದೆ. ತಪ್ಪುಗಳಲ್ಲಿ ಹೆಚ್ಚಿನವು ಲೆಕ್ಕದಲ್ಲಿ ಆಗುವುದಿಲ್ಲ, ಮನೆಯವರಿಗೆ ಕೇಳುವ ಪ್ರಶ್ನೆಯಲ್ಲೇ ಆಗುತ್ತವೆ.

ಯಾವ ಸ್ಕೋರ್ ಆರಿಸಬೇಕು

ನಾಲ್ಕೈದು ಮಾಪನಗಳು ಬಳಕೆಯಲ್ಲಿವೆ. ನಮ್ಮ ವಾರ್ಡುಗಳಿಗೆ ಹೊಂದುವುದು ಕ್ಲಿನಿಕಲ್ ಫ್ರೇಲ್ಟಿ ಸ್ಕೇಲ್, ಅಂದರೆ ಸಿಎಫ್‌ಎಸ್. ಕೆನಡಾದ ಕೆನೆತ್ ರಾಕ್‌ವುಡ್ ಮತ್ತು ಸಂಗಡಿಗರು 2005ರಲ್ಲಿ ಇದನ್ನು 7 ಹಂತಗಳಲ್ಲಿ ಪ್ರಕಟಿಸಿದರು. ಆಮೇಲೆ ಅದು 9 ಹಂತವಾಯಿತು, 2020ರಲ್ಲಿ ಹಂತಗಳ ಹೆಸರು ಮತ್ತು ವಿವರಣೆ ಪರಿಷ್ಕೃತವಾದವು. ಉಪಕರಣ ಬೇಡ, ರೋಗಿ ಎದ್ದು ನಡೆಯಬೇಕಿಲ್ಲ, ಅಭ್ಯಾಸವಾದವರಿಗೆ ಐದು ನಿಮಿಷ ಸಾಕು.

ಫ್ರೀಡ್ ಮಾದರಿ (2001) ಐದು ಅಂಶ ನೋಡುತ್ತದೆ: ತೂಕ ಇಳಿಕೆ, ದಣಿವು, ಕೈ ಹಿಡಿತದ ಬಲ, ನಡಿಗೆಯ ವೇಗ, ಚಟುವಟಿಕೆ. ಮೂರು ಅಥವಾ ಹೆಚ್ಚು ಅಂಶ ಕೆಟ್ಟಿದ್ದರೆ ಫ್ರೇಲ್. ಒಪಿಡಿಗೆ ಒಳ್ಳೆಯದು. ಆಮ್ಲಜನಕದ ಮಾಸ್ಕ್ ಹಾಕಿಕೊಂಡು ಮಲಗಿದವರನ್ನು ನಡೆಸಿ ವೇಗ ಅಳೆಯುವುದು ಹೇಗೆ? ಅಳೆದರೂ ಅದು ಇಂದಿನ ಕಾಯಿಲೆಯನ್ನು ತೋರಿಸುತ್ತದೆ. ಒಪಿಡಿಯಲ್ಲಿ ಬಳಸುವುದಾದರೆ ಹಿಡಿತಕ್ಕೆ ಏಷ್ಯಾದ ಮಿತಿಗಳನ್ನೇ ಇಟ್ಟುಕೊಳ್ಳಿ: ಸ್ನಾಯು ಕರಗುವಿಕೆ ಕುರಿತ ಏಷ್ಯನ್ ವರ್ಕಿಂಗ್ ಗ್ರೂಪ್‌ನ 2019ರ ಪ್ರಕಾರ ಗಂಡಸರಿಗೆ 28 ಕೆಜಿ, ಹೆಂಗಸರಿಗೆ 18 ಕೆಜಿಗಿಂತ ಕಡಿಮೆ ಇದ್ದರೆ ದುರ್ಬಲ.

ಫ್ರೇಲ್ಟಿ ಇಂಡೆಕ್ಸ್‌ನಲ್ಲಿ ಕನಿಷ್ಠ 30 ಕೊರತೆಗಳ ಪಟ್ಟಿ ಮಾಡಿ, ಇರುವ ಕೊರತೆಗಳನ್ನು ಒಟ್ಟು ಸಂಖ್ಯೆಯಿಂದ ಭಾಗಿಸಬೇಕು. 40ರಲ್ಲಿ 11 ಇದ್ದರೆ 0.275, ಸಾಮಾನ್ಯವಾಗಿ 0.25 ದಾಟಿದರೆ ಫ್ರೇಲ್ ಎನ್ನುತ್ತಾರೆ. ಸೂಕ್ಷ್ಮವಾದದ್ದು, ಸಂಶೋಧನೆಗೆ ಚೆನ್ನ, ರಾತ್ರಿ ಡ್ಯೂಟಿಗೆ ಅಲ್ಲ. ಇನ್ನು 2018ರಲ್ಲಿ ಬ್ರಿಟನ್ನಿನಿಂದ ಬಂದ ಹಾಸ್ಪಿಟಲ್ ಫ್ರೇಲ್ಟಿ ರಿಸ್ಕ್ ಸ್ಕೋರ್ ಕೇಳಲು ಆಕರ್ಷಕ. 75 ದಾಟಿದವರ ಹಿಂದಿನ ಎರಡು ವರ್ಷದ ದಾಖಲಾತಿಗಳಿಂದ 109 ಐಸಿಡಿ-10 ಕೋಡ್ (ಕಾಯಿಲೆಗಳಿಗೆ ಕೊಡುವ ಅಂತರರಾಷ್ಟ್ರೀಯ ಸಂಕೇತ) ಹುಡುಕಿ ಕಂಪ್ಯೂಟರೇ ಅಂಕ ಕೊಡುತ್ತದೆ. 5ಕ್ಕಿಂತ ಕಡಿಮೆ ಬಂದರೆ ಕಡಿಮೆ ಅಪಾಯ, 15 ದಾಟಿದರೆ ಹೆಚ್ಚು. ಆದರೆ ಅದಕ್ಕೆ ಎಲ್ಲ ಆಸ್ಪತ್ರೆಗಳ ದಾಖಲೆ ಒಂದಕ್ಕೊಂದು ಜೋಡಿರಬೇಕು. ಜಮಖಂಡಿಯಲ್ಲಿ ಒಮ್ಮೆ, ಮಿರಜದಲ್ಲಿ ಒಮ್ಮೆ, ಸೊಲ್ಲಾಪುರದಲ್ಲಿ ಒಮ್ಮೆ ತೋರಿಸಿಕೊಂಡು ಪ್ಲಾಸ್ಟಿಕ್ ಚೀಲದ ತುಂಬ ಚೀಟಿ ತರುವ ರೋಗಿಗೆ ಆ ಸ್ಕೋರ್ ಸೊನ್ನೆ ತೋರಿಸುತ್ತದೆ. ಕೋಡ್ ಇಲ್ಲದಿರುವುದನ್ನು ಅದು ಆರೋಗ್ಯ ಅಂದುಕೊಳ್ಳುತ್ತದೆ. ಸದ್ಯಕ್ಕೆ ಬಿಡಿ.

ಒಂಬತ್ತು ಹಂತಗಳು

1: ವಯಸ್ಸಿಗೆ ಮೀರಿದ ಗಟ್ಟಿತನ, ನಿಯಮಿತ ದುಡಿಮೆ ಅಥವಾ ವ್ಯಾಯಾಮ. 2: ಕಾಯಿಲೆಯ ಲಕ್ಷಣಗಳಿಲ್ಲ, ಆದರೆ ಒಂದನೆಯವರಷ್ಟು ಗಟ್ಟಿಯಲ್ಲ. 3: ಕಾಯಿಲೆಗಳಿವೆ, ಹತೋಟಿಯಲ್ಲಿವೆ, ದಿನನಿತ್ಯದ ಓಡಾಟ ಬಿಟ್ಟರೆ ಹೆಚ್ಚಿನ ಶ್ರಮವಿಲ್ಲ. 4: ಯಾರನ್ನೂ ಅವಲಂಬಿಸಿಲ್ಲ, ಆದರೆ ನಿಧಾನವಾಗಿದ್ದಾರೆ, ಹಗಲಲ್ಲಿ ದಣಿವು. 5: ಹಣಕಾಸು, ಪೇಟೆ, ಅಡುಗೆ, ಗುಳಿಗೆ, ಮನೆಯ ಭಾರದ ಕೆಲಸಗಳಿಗೆ ನೆರವು ಬೇಕು. 6: ಹೊರಗಿನ ಎಲ್ಲ ಕೆಲಸಕ್ಕೂ ಮನೆಗೆಲಸಕ್ಕೂ ನೆರವು ಬೇಕು, ಮೆಟ್ಟಿಲು ಕಷ್ಟ, ಸ್ನಾನಕ್ಕೆ ಕೈ ಹಿಡಿಯಬೇಕು. 7: ಮೈಕೈಯ ಎಲ್ಲ ಆರೈಕೆಗೂ ಬೇರೆಯವರೇ ಬೇಕು, ಆದರೆ ಸ್ಥಿರವಾಗಿದ್ದಾರೆ, ಆರು ತಿಂಗಳೊಳಗೆ ಸಾಯುವಂತೆ ಕಾಣುವುದಿಲ್ಲ. 8: ಪೂರ್ಣ ಅವಲಂಬನೆ, ಕೊನೆಗಾಲ ಹತ್ತಿರ, ಚಿಕ್ಕ ಕಾಯಿಲೆಯಿಂದಲೂ ಚೇತರಿಸಿಕೊಳ್ಳಲಾರರು. 9: ಆರು ತಿಂಗಳಿಗಿಂತ ಕಡಿಮೆ ಆಯುಷ್ಯವಿರುವ ಕಾಯಿಲೆ, ಆದರೆ ಬೇರೆ ರೀತಿಯಲ್ಲಿ ತೀವ್ರ ಫ್ರೇಲ್ ಅಲ್ಲದವರು.

ಒಂಬತ್ತನೆಯದರ ಬಗ್ಗೆ ಎಚ್ಚರ. ಅದು ಎಂಟರ ಮುಂದಿನ ಮೆಟ್ಟಿಲಲ್ಲ. ಹರಡಿದ ಕ್ಯಾನ್ಸರ್ ಇದ್ದೂ ತಾನಾಗಿ ಓಡಾಡುವವರು 9ರಲ್ಲಿ ಬರಬಹುದು. ಡೇಟಾ ಶೀಟಿನಲ್ಲಿ 1ರಿಂದ 9ರವರೆಗೆ ನೇರ ಗೆರೆ ಎಳೆದು ವಿಶ್ಲೇಷಣೆ ಮಾಡುವವರು ಇಲ್ಲಿ ಎಡವುತ್ತಾರೆ. 9ನ್ನು ಪ್ರತ್ಯೇಕ ಗುಂಪಾಗಿಡಿ.

ಮರೆವಿನ ಕಾಯಿಲೆ ಇದ್ದರೆ ಅದರ ಮಟ್ಟವೇ ಹಂತವನ್ನು ಹೇಳುತ್ತದೆ: ಆರಂಭದ ಮರೆವು 5, ಹೇಳಿಕೊಟ್ಟರೆ ಮಾತ್ರ ತಮ್ಮ ಆರೈಕೆ ಮಾಡಿಕೊಳ್ಳುವವರು 6, ನೆರವಿಲ್ಲದೆ ಏನೂ ಆಗದವರು 7.

ಹದಿನೈದು ದಿನದ ಹಿಂದಿನ ಮನುಷ್ಯ

ಅಂಕ ಕೊಡಬೇಕಾದದ್ದು ಹಾಸಿಗೆಯಲ್ಲಿ ಈಗ ಮಲಗಿರುವವರಿಗಲ್ಲ, ಈ ಕಾಯಿಲೆ ಶುರುವಾಗುವ ಎರಡು ವಾರ ಮೊದಲು ಅವರು ಹೇಗಿದ್ದರೋ ಅದಕ್ಕೆ. ಸೋಂಕು ಮೈಯೆಲ್ಲ ಏರಿ ಸೆಪ್ಸಿಸ್ ಆದ ಯಾರೇ ಆದರೂ ಇಂದು 7ರ ಹಾಗೆ ಕಾಣುತ್ತಾರೆ. ಇಂದಿನ ಸ್ಥಿತಿಗೆ ಅಂಕ ಕೊಟ್ಟರೆ ಕಾಯಿಲೆಯ ತೀವ್ರತೆಯನ್ನೇ ಎರಡು ಸಲ ಎಣಿಸಿದಂತಾಗುತ್ತದೆ, ಗಟ್ಟಿ ಮನುಷ್ಯನನ್ನು ನಿತ್ರಾಣದ ಪಟ್ಟಿಗೆ ಸೇರಿಸಿದಂತಾಗುತ್ತದೆ.

ಎರಡು ವಾರವನ್ನು ಎಲ್ಲಿಂದ ಎಣಿಸಬೇಕು? ಕಾಯಿಲೆ ಶುರುವಾದ ದಿನದಿಂದ, ನಿಮ್ಮಲ್ಲಿ ದಾಖಲಾದ ದಿನದಿಂದಲ್ಲ. ತಾಲೂಕು ಆಸ್ಪತ್ರೆಯಲ್ಲಿ ಹತ್ತು ದಿನ ಮಲಗಿ ಆಮೇಲೆ ರೆಫರ್ ಆಗಿ ಬಂದವರಿಗೆ ಇದು ಮುಖ್ಯ. ಇವತ್ತಿನಿಂದ ಎರಡು ವಾರ ಹಿಂದೆ ಹೋದರೆ ಅವರಿಗೆ ಆಗಲೇ ಜ್ವರ ಬಂದಿತ್ತು.

ಮನೆಯವರಿಗೆ 'ಎರಡು ವಾರದ ಹಿಂದೆ' ಅಂದರೆ ನೆನಪು ಬರುವುದಿಲ್ಲ. ಅಮಾವಾಸ್ಯೆ, ಹುಣ್ಣಿಮೆ ಹಿಡಿದು ಕೇಳಿ. ಎರಡರ ನಡುವೆ ಹದಿನೈದು ದಿನ, ಮನೆಯಲ್ಲಿ ಎಲ್ಲರಿಗೂ ನೆನಪಿರುತ್ತದೆ. ಊರಿನ ಸಂತೆಯ ದಿನವೂ ಆಗುತ್ತದೆ: 'ಎರಡು ಸಂತಿ ಹಿಂದ ಅಜ್ಜಾರು ಹೆಂಗಿದ್ರು?'

ಕೇಳುವ ರೀತಿ

'ಮೊದಲು ಹೇಗಿದ್ರು?' ಎಂದರೆ 'ಆರಾಮ ಇದ್ರ‍್ರಿ, ಏನೂ ಇದ್ದಿಲ್ಲ' ಎಂಬ ಉತ್ತರ ಸಿದ್ಧವಿರುತ್ತದೆ. ವರ್ಷದಿಂದ ಹಾಸಿಗೆ ಹಿಡಿದವರ ಬಗ್ಗೆಯೂ ಇದೇ ಉತ್ತರ. ಮನೆಯವರ ದೃಷ್ಟಿಯಲ್ಲಿ ಅದು ಸುಳ್ಳೂ ಅಲ್ಲ. ಗುಣ ಕೇಳಬೇಡಿ, ಕೆಲಸ ಕೇಳಿ.

'ಹೋದ ಅಮಾಸಿಗೆ ಅಜ್ಜಾರು ಜಳಕ ತಾವ ಮಾಡ್ತಿದ್ರೇನ್ರಿ, ಇಲ್ಲಾ ಯಾರರ ಮೈ ತೊಳಸಬೇಕಿತ್ತಾ?'
'ಸಂಡಾಸಕ್ಕ ಒಬ್ಬರ ಹೋಗಿ ಬರ್ತಿದ್ರಾ? ಕುಂತು ಏಳಾಕ ಕೈ ಕೊಡಬೇಕಿತ್ತಾ?'
'ದೋತರ ತಾವ ಉಟಕೋತಿದ್ರಾ?'
'ಹಾಸಿಗಿಂದ ಎದ್ದು ಕಟ್ಟಿಗೆ ಬರಾಕ ಯಾರರ ಹಿಡೀಬೇಕಿತ್ತಾ?'
'ಊಟ ತಾವ ಮಾಡ್ತಿದ್ರೋ, ಉಣಸಬೇಕಿತ್ತೋ?'
'ಗುಳಗಿ ನೆನಪಿಟ್ಟು ತಾವ ತಗೋತಿದ್ರಾ?'
'ಪಗಾರದ ರೊಕ್ಕ ಎಣಿಸಿ ಇಟ್ಕೊಳ್ಳಾಕ ಬರ್ತಿತ್ತಾ?'

ಪಗಾರ ಅಂದರೆ ಸಂಧ್ಯಾ ಸುರಕ್ಷಾ ಅಥವಾ ವೃದ್ಧಾಪ್ಯ ವೇತನ. ಹಣದ ವ್ಯವಹಾರ ಬರುತ್ತದೆಯೇ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಪ್ರಶ್ನೆ ಈ ಭಾಗದಲ್ಲಿಲ್ಲ.

ಉತ್ತರ ಕೊಡುವವರು ಯಾರು ಎಂಬುದನ್ನು ಮೊದಲು ನೋಡಿ. ದವಾಖಾನೆಗೆ ಬರುವವರು ಹೆಚ್ಚಾಗಿ ಬೈಕ್ ಓಡಿಸಬಲ್ಲ ಅಳಿಯ ಅಥವಾ ತಮ್ಮನ ಮಗ. ಮಗ ಕಬ್ಬು ಕಡಿಯಲು ಗುಳೆ ಹೋಗಿರುತ್ತಾನೆ ಅಥವಾ ಗೋವಾದಲ್ಲಿರುತ್ತಾನೆ. ದಿನವೂ ಅನ್ನ ನೀರು ನೋಡುವ ಸೊಸೆ ಊರಲ್ಲೇ ಉಳಿದಿರುತ್ತಾಳೆ. ಆಕೆಗೆ ಫೋನ್ ಹಚ್ಚಿಸಿ. ಎರಡು ನಿಮಿಷದ ಆ ಮಾತು ವಾರ್ಡಿನಲ್ಲಿ ನಿಂತವರ ಅರ್ಧ ಗಂಟೆಯ ವಿವರಣೆಗಿಂತ ಮೇಲು. ಕೇಸ್ ಶೀಟಿನಲ್ಲಿ ಹೀಗೆ ಬರೆಯಿರಿ: 'ಸಿಎಫ್‌ಎಸ್ 6, ಮಾಹಿತಿ: ಸೊಸೆ, ಜೊತೆಗೇ ವಾಸ, ಫೋನಿನಲ್ಲಿ, ಜ್ವರ ಶುರುವಾಗುವ 15 ದಿನ ಮೊದಲಿನ ಸ್ಥಿತಿ.' ಬರೀ '6' ಎಂದು ಬರೆದರೆ ನಾಳೆ ಬರುವ ಡಾಕ್ಟರಿಗೆ ಅದನ್ನು ನಂಬಬೇಕೋ ಬಿಡಬೇಕೋ ತಿಳಿಯುವುದಿಲ್ಲ. ಬೆಳಗಾವಿ ಕಡೆ ಮರಾಠಿ ಮಾತಾಡುವ ಮನೆಯವರಿದ್ದರೆ ಮರಾಠಿ ಬಲ್ಲ ಸಿಸ್ಟರ್ ಕೇಳಲಿ. ಅರ್ಧಂಬರ್ಧ ಹಿಂದಿಯಲ್ಲಿ ಈ ಪ್ರಶ್ನೆಗಳು ಕೆಡುತ್ತವೆ.

ಅಂಕಕ್ಕೆ ತಲುಪುವ ದಾರಿ

ಹೊಸಬರಿಗೆ 2021ರಲ್ಲಿ ಬಂದ ಪ್ರಶ್ನಾವೃಕ್ಷ ಸಹಾಯಕ. ಮೊದಲು, ಆರು ತಿಂಗಳೊಳಗೆ ಸಾವು ತರುವ ಕಾಯಿಲೆ ಇದೆಯೇ ನೋಡಿ. ಇಲ್ಲದಿದ್ದರೆ ಐದು ಮೂಲ ಕೆಲಸ: ಬಟ್ಟೆ ಉಡುವುದು, ಉಣ್ಣುವುದು, ನಡೆಯುವುದು, ಹಾಸಿಗೆಯಿಂದ ಏಳುವುದು, ಸ್ನಾನ. ಮೂರರಿಂದ ಐದಕ್ಕೆ ನೆರವು ಬೇಕಿದ್ದರೆ 7, ಒಂದು ಅಥವಾ ಎರಡಕ್ಕೆ ಬೇಕಿದ್ದರೆ 6. ಯಾವುದಕ್ಕೂ ಬೇಡವಾದರೆ ಆರು ಸಂಸಾರದ ಕೆಲಸಕ್ಕೆ ಬನ್ನಿ: ಫೋನ್, ಪೇಟೆ, ಅಡುಗೆ, ಮನೆಗೆಲಸ, ಗುಳಿಗೆ, ಹಣ. ಐದಾರಕ್ಕೆ ನೆರವು ಬೇಕಿದ್ದರೆ 6, ಒಂದರಿಂದ ನಾಲ್ಕಕ್ಕೆ ಬೇಕಿದ್ದರೆ 5. ಒಂದಕ್ಕೂ ಬೇಡವಾದರೆ 4ರಿಂದ 1ರವರೆಗಿನ ವ್ಯತ್ಯಾಸ ದಣಿವು, ಕಾಯಿಲೆಗಳ ಸಂಖ್ಯೆ, ಶ್ರಮದ ಮೇಲೆ ನಿಲ್ಲುತ್ತದೆ. 8 ಮಾತ್ರ ಈ ವೃಕ್ಷದಿಂದ ಹೊರಡುವುದಿಲ್ಲ. 7ಕ್ಕೆ ಬಂದವರಲ್ಲಿ ಕೊನೆಗಾಲ ಹತ್ತಿರವಿದೆಯೇ ಎಂಬುದು ನೋಡುವವರ ತೀರ್ಮಾನ.

ಈ ಆರು ಕೆಲಸಗಳ ಪಟ್ಟಿ ಕೆನಡಾದ ಒಂಟಿ ಮನೆಗೆ ಹೊಂದುವಂಥದ್ದು. ನಮ್ಮ ಕೂಡುಕುಟುಂಬಕ್ಕೆ ಹಾಗೇ ಹಚ್ಚಿದರೆ ಎಲ್ಲರೂ 6 ಆಗಿಬಿಡುತ್ತಾರೆ. ಒಂದು ಉದಾಹರಣೆ ಬಿಡಿಸಿ ನೋಡೋಣ.

ಇಂಡಿ ತಾಲೂಕಿನ ಒಬ್ಬ ಆಯಿ, ಸುಮಾರು 78. ಕೋಲು ಹಿಡಿದು ಒಬ್ಬರೇ ಶೌಚಕ್ಕೆ ಹೋಗುತ್ತಾರೆ. ಸೊಸೆ ಬಿಸಿನೀರು ಇಡುತ್ತಾಳೆ, ಮೈ ತೊಳೆದುಕೊಳ್ಳುವುದು ತಾವೇ. ಸೀರೆ ತಾವೇ ಉಡುತ್ತಾರೆ. ಮೂಲ ಕೆಲಸಗಳಲ್ಲಿ ನೆರವು ಸೊನ್ನೆ. ನೀರು ಹೊತ್ತು ತಂದಿಡುವುದು ಸ್ನಾನದ ನೆರವಲ್ಲ. ಈಗ ಸಂಸಾರದ ಕೆಲಸ. ಫೋನ್ ಹಚ್ಚಲು ಎಂದೂ ಕಲಿತಿಲ್ಲ, ಬಂದ ಕರೆಗೆ ಸರಿಯಾಗಿ ಮಾತಾಡುತ್ತಾರೆ. ಗುಳಿಗೆ ಸೊಸೆ ತೆಗೆದುಕೊಡುತ್ತಾಳೆ, ಏಕೆಂದರೆ ಓದು ಬರುವುದಿಲ್ಲ. ಬಣ್ಣ ನೋಡಿ ಹೊತ್ತು ತಪ್ಪದೆ ಕೇಳುತ್ತಾರೆ. ಪಗಾರವನ್ನು ಮೊಮ್ಮಗ ತರುತ್ತಾನೆ, ನೋಟು ಎಣಿಸಿ ಗಂಟು ಕಟ್ಟುವುದು ಆಯಿಯೇ. ಈ ಮೂರರಲ್ಲೂ 'ಮಾಡುವುದಿಲ್ಲ' ನಿಜ, 'ಆಗುವುದಿಲ್ಲ' ನಿಜವಲ್ಲ. ಎಣಿಸಬೇಡಿ. ಆದರೆ ನೆಲಕ್ಕೆ ಕುಂತು ರೊಟ್ಟಿ ಬಡಿಯಲು ಈಗ ಆಗುವುದಿಲ್ಲ, ಕಸ ಹೊಡೆಯಲು ಬಗ್ಗಲಾರರು, ಅಂಗಡಿಯವರೆಗೆ ನಡೆಯಲಾರರು. ಇವು ಮೂರು ಲೆಕ್ಕಕ್ಕೆ ಬರುತ್ತವೆ. ಆರರಲ್ಲಿ ಮೂರು, ಅಂದರೆ ಸಿಎಫ್‌ಎಸ್ 5. ಪಟ್ಟಿ ಹಿಡಿದು 'ಅಡುಗೆ ಮಾಡ್ತಾರಾ? ಇಲ್ಲ. ಫೋನ್? ಇಲ್ಲ' ಎಂದು ಟಿಕ್ ಹಾಕಿದ್ದರೆ ಆರಕ್ಕೆ ಆರು, ಸಿಎಫ್‌ಎಸ್ 6. ಒಂದು ಹಂತ ಸುಮ್ಮನೆ ಏರಿತು.

ಗಂಡಸರಿಗೆ ಅಡುಗೆ, ಮನೆಗೆಲಸ ಕೇಳುವುದು ಬಹುಪಾಲು ವ್ಯರ್ಥ. ಹೊಲಕ್ಕೆ ಹೋಗಿ ಬರುವುದು, ದನಕ್ಕೆ ಮೇವು ಹಾಕುವುದು, ಲೆಕ್ಕ ಇಡುವುದು, ಒಬ್ಬರೇ ಬಸ್ ಹತ್ತಿ ಬೀಗರೂರಿಗೆ ಹೋಗುವುದು ಕೇಳಿ. ಲಿಂಗಪೂಜೆಗೋ ನಮಾಜಿಗೋ ನೆಲಕ್ಕೆ ಕುಳಿತು ತಾವೇ ಏಳುತ್ತಿದ್ದವರು ಕುರ್ಚಿಗೆ ಬಂದದ್ದು ಯಾವಾಗ ಎಂಬುದೂ ಒಳ್ಳೆಯ ಸುಳಿವು.

ಇನ್ನೂ ಕೆಲವು ಕಡೆ ಎಡವುತ್ತಾರೆ

ವಯಸ್ಸು. ಸಿಎಫ್‌ಎಸ್ 65 ದಾಟಿದವರಿಗೆ ಪರೀಕ್ಷೆಯಾದ ಮಾಪನ. ಆಧಾರ್‌ನಲ್ಲಿ ಜನವರಿ 1 ಎಂದಿದ್ದರೆ ಆ ವಯಸ್ಸು ಹೆಚ್ಚಾಗಿ ಯಾರೋ ಅಂದಾಜಿಗೆ ಬರೆದದ್ದು. 1972ರ ಬರಗಾಲದಲ್ಲಿ ಮದುವೆಯಾಗಿತ್ತೇ, ಮಕ್ಕಳೆಷ್ಟಿದ್ದರು ಎಂದು ಕೇಳಿದರೆ ಐದು ವರ್ಷದ ಒಳಗಿನ ಅಂದಾಜು ಸಿಗುತ್ತದೆ.

ಚಿಕ್ಕ ವಯಸ್ಸಿನ ಅಂಗವೈಕಲ್ಯ. ಪೋಲಿಯೊ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ, ಅಪಘಾತದಲ್ಲಿ ಕಾಲು ಹೋದವರು: ಇವರಿಗೆ ಈ ಮಾಪನ ಬೇಡವೇ ಬೇಡ. ಅವರ ಅವಲಂಬನೆ ಸ್ಥಿರವಾದದ್ದು, ದೇಹದ ಮೀಸಲು ಶಕ್ತಿ ಕರಗಿದ್ದರ ಗುರುತಲ್ಲ. 2020ರ ಮಾರ್ಚ್‌ನಲ್ಲಿ ಇಂಗ್ಲೆಂಡಿನ ನೈಸ್ ಸಂಸ್ಥೆ ಕೋವಿಡ್ ಐಸಿಯು ನಿರ್ಧಾರಕ್ಕೆ ಸಿಎಫ್‌ಎಸ್ ಸೂಚಿಸಿದಾಗ ಇದೇ ಗೊಂದಲವಾಗಿ, ಕೆಲವೇ ದಿನಗಳಲ್ಲಿ ಸ್ಪಷ್ಟನೆ ಕೊಟ್ಟು ತಿದ್ದಬೇಕಾಯಿತು.

ಕಣ್ಣಿನ ಪೊರೆ. ಕಾಣದೆ ಕೈ ಹಿಡಿಸಿಕೊಂಡು ನಡೆಯುವವರಿಗೆ 6 ಬಂದುಬಿಡುತ್ತದೆ. ಅಂಕ ಕೊಡಿ, ಪಕ್ಕದಲ್ಲಿ 'ಪೊರೆ, ಶಸ್ತ್ರಚಿಕಿತ್ಸೆ ಸಾಧ್ಯ' ಎಂದೂ ಬರೆಯಿರಿ. ನಮ್ಮ ಅಭಿಪ್ರಾಯದಲ್ಲಿ ಇಂಥ 6 ಮತ್ತು ಸ್ನಾಯು ಕರಗಿದ 6 ಒಂದೇ ಅಲ್ಲ.

ಡೆಲಿರಿಯಂ. ಕಾಯಿಲೆಯಲ್ಲಿ ಇದ್ದಕ್ಕಿದ್ದಂತೆ ಬರುವ ಗೊಂದಲ ಇದು. ಮೂರು ದಿನದಿಂದ ಅಸಂಬದ್ಧ ಮಾತಾಡುವವರನ್ನು ಮರೆವಿನ ರೋಗಿ ಎಂದು 6ಕ್ಕೆ ಹಾಕುವುದು ಸಾಮಾನ್ಯ ತಪ್ಪು. ಇದಕ್ಕೆ 4ಎಟಿ ಎಂಬ ಚಿಕ್ಕ ಪರೀಕ್ಷೆ ಇದೆ. 4 ಅಥವಾ ಹೆಚ್ಚು ಬಂದರೆ ಡೆಲಿರಿಯಂ ಇರುವ ಸಾಧ್ಯತೆ ಹೆಚ್ಚು. ಅದರಲ್ಲಿ ಹುಟ್ಟಿದ ದಿನಾಂಕ, ಇಸವಿ, ತಿಂಗಳುಗಳನ್ನು ಕೊನೆಯಿಂದ ಹಿಂದಕ್ಕೆ ಹೇಳುವುದು ಶಾಲೆಗೆ ಹೋಗದವರಿಗೆ ಅನ್ಯಾಯ. ಆದರೆ ಎಚ್ಚರದ ಮಟ್ಟ ಮತ್ತು 'ಇದ್ದಕ್ಕಿದ್ದಂತೆ ಬದಲಾದದ್ದು' ಎಂಬ ಎರಡಕ್ಕೆ ತಲಾ 4 ಅಂಕವಿದೆ. ಓದು ಬೇಡದ ಈ ಎರಡರಲ್ಲಿ ಒಂದಿದ್ದರೂ ಸಾಕು. 'ಮಾತು ಯಾವಾಗಿಂದ ಹಿಂಗ?' ಎಂದು ಕೇಳಿ.

ಇಬ್ಬರು ಅಂಕ ಕೊಟ್ಟರೆ 4–5 ಮತ್ತು 5–6ರ ಗಡಿಯಲ್ಲಿ ಜಗಳ ಬರುತ್ತದೆ. ಶುರುವಿನಲ್ಲಿ ಒಬ್ಬರೇ ರೋಗಿಯನ್ನು ಇಬ್ಬರು ಪ್ರತ್ಯೇಕವಾಗಿ ನೋಡಿ, ಒಬ್ಬರದು ಇನ್ನೊಬ್ಬರಿಗೆ ತೋರಿಸದೆ ಅಂಕ ಹಾಕಿ ಹೋಲಿಸಿ. ಎರಡು ಹಂತದ ವ್ಯತ್ಯಾಸ ಬಂದಲ್ಲೆಲ್ಲ ಮಾಹಿತಿ ಕೊಟ್ಟವರು ಬೇರೆ ಬೇರೆ ಇದ್ದಾರೆಯೇ ಎಂದು ಮೊದಲು ನೋಡಿ.

ಇಂದಿನ ಕಾಯಿಲೆಯನ್ನೂ ಸೇರಿಸಬೇಕು

ಫ್ರೇಲ್ಟಿ ನೆಲ ಎಷ್ಟು ಗಟ್ಟಿ ಎಂದು ಹೇಳುತ್ತದೆ. ಹೊಡೆತ ಎಷ್ಟು ಜೋರು ಎಂಬುದಕ್ಕೆ ಬೇರೆ ಮಾಪನ ಬೇಕು. ನ್ಯೂಸ್-2 (ನ್ಯಾಷನಲ್ ಅರ್ಲಿ ವಾರ್ನಿಂಗ್ ಸ್ಕೋರ್, ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್, 2017) ಸಾಕು: ಉಸಿರಾಟದ ಗತಿ, ಆಮ್ಲಜನಕ, ಆಮ್ಲಜನಕ ಹಚ್ಚಿದೆಯೇ, ಮೇಲಿನ ಬಿಪಿ, ನಾಡಿ, ಎಚ್ಚರ, ಜ್ವರ. ಒಟ್ಟು 20ರಲ್ಲಿ 5 ಬಂದರೆ ತುರ್ತಾಗಿ ನೋಡಬೇಕು, 7 ಅಥವಾ ಹೆಚ್ಚು ಬಂದರೆ ತೀವ್ರ ನಿಗಾ. ಹೊಸದಾಗಿ ಬಂದ ಗೊಂದಲಕ್ಕೆ 3 ಅಂಕ ಮರೆಯಬೇಡಿ. ವಯಸ್ಸಾದವರಲ್ಲಿ ಜ್ವರ ಏರದೇ ಇರಬಹುದು, ಬಿಪಿಗೆ ಮೆಟೊಪ್ರೊಲಾಲ್ ಥರದ ಗುಳಿಗೆ ನುಂಗುವವರಲ್ಲಿ ನಾಡಿ ಏರುವುದಿಲ್ಲ; ನ್ಯೂಸ್ ಕಡಿಮೆ ಬಂತೆಂದು ನಿಶ್ಚಿಂತರಾಗಬೇಡಿ. ಒಲೆಯ ಹೊಗೆಯಲ್ಲಿ ದಶಕಗಟ್ಟಲೆ ಕುಳಿತು ಶ್ವಾಸಕೋಶ ಹಾಳಾದ ಹೆಂಗಸರಲ್ಲಿ ಇಂಗಾಲದ ಡೈಆಕ್ಸೈಡ್ ಏರುವ ತೊಂದರೆ ಖಚಿತವಾಗಿದ್ದರೆ ಆಮ್ಲಜನಕಕ್ಕೆ 88–92ರ ಗುರಿಯಿರುವ ಎರಡನೆಯ ಪಟ್ಟಿ ಬಳಸಿ.

ಸಿಎಫ್‌ಎಸ್ ಕಡಿಮೆ, ನ್ಯೂಸ್ ಹೆಚ್ಚು: ಗಟ್ಟಿ ಮನುಷ್ಯ, ಜೋರು ಹೊಡೆತ, ತಡಮಾಡದೆ ಪೂರ್ಣ ಚಿಕಿತ್ಸೆ. ಸಿಎಫ್‌ಎಸ್ ಹೆಚ್ಚು, ನ್ಯೂಸ್ ಕಡಿಮೆ: ಇವರನ್ನೇ ವಾರ್ಡು ಮರೆಯುತ್ತದೆ. ಮೂರನೇ ದಿನ ಮೂತ್ರದ ಸೋಂಕೋ ಬಿದ್ದು ತೊಡೆಮೂಳೆ ಮುರಿದೋ ಕೆಡುವವರು ಇವರು. ಎರಡೂ ಹೆಚ್ಚಿದ್ದರೆ ಮೊದಲ ದಿನವೇ ಮನೆಯವರ ಜೊತೆ ಕುಳಿತು ಮಾತಾಡಬೇಕು.

ಅಂಕಿ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಸಿಎಫ್‌ಎಸ್ ಏರಿದಂತೆ ಸಾವಿನ ಅಪಾಯ ಏರುತ್ತದೆ ಎಂಬುದು ಹಲವು ದೇಶಗಳಲ್ಲಿ ಖಚಿತವಾಗಿದೆ. 2020ರಲ್ಲಿ ಬ್ರಿಟನ್ ಮತ್ತು ಇಟಲಿಯ ಆಸ್ಪತ್ರೆಗಳ ಕೋವಿಡ್ ರೋಗಿಗಳಲ್ಲಿ ವಯಸ್ಸು ಅಥವಾ ಜೊತೆಗಿನ ಕಾಯಿಲೆಗಳಿಗಿಂತ ಫ್ರೇಲ್ಟಿಯೇ ಫಲಿತಾಂಶವನ್ನು ಚೆನ್ನಾಗಿ ಸೂಚಿಸಿತು. ಆದರೆ ಗುಂಪಿನ ಅಪಾಯ ಬೇರೆ, ಎದುರಿಗಿರುವ ಒಬ್ಬರ ಭವಿಷ್ಯ ಬೇರೆ. ಲೆಕ್ಕ ಹಾಕಿ ನೋಡಿ.

100 ರೋಗಿಗಳು, 30 ದಿನದಲ್ಲಿ 10 ಸಾವು ಎಂದಿಟ್ಟುಕೊಳ್ಳಿ. ಒಂದು ಗಡಿ ಹಾಕಿದಾಗ ಆ 10ರಲ್ಲಿ 7 ಜನ 'ಹೆಚ್ಚು ಅಪಾಯ' ಗುಂಪಿಗೆ ಬಂದರು. ಬದುಕುವ 90ರಲ್ಲಿ 30 ಜನರೂ ಅದೇ ಗುಂಪಿಗೆ ಬಂದರು. ಕೇಳಲು ಒಳ್ಳೆಯ ಸ್ಕೋರೇ. ಆದರೆ ಹೆಚ್ಚು ಅಪಾಯ ಎಂದ 37 ಜನರಲ್ಲಿ ಸತ್ತವರು 7, ಅಂದರೆ ನೂರಕ್ಕೆ ಸುಮಾರು 19. ಐವರಲ್ಲಿ ನಾಲ್ವರು ಮನೆಗೆ ಹೋದರು. ಇತ್ತ ಕಡಿಮೆ ಅಪಾಯ ಎಂದ 63ರಲ್ಲಿ 3 ಸಾವು, ನೂರಕ್ಕೆ 5ಕ್ಕೂ ಕಡಿಮೆ. ಇಂಥ ಸ್ಕೋರ್ ಆರೈಕೆ ಹೆಚ್ಚಿಸಲು ಚೆನ್ನಾಗಿ ಬರುತ್ತದೆ. 37 ಜನಕ್ಕೂ ಹೆಚ್ಚು ನಿಗಾ ಕೊಟ್ಟರೆ ಯಾರಿಗೂ ನಷ್ಟವಿಲ್ಲ. ಚಿಕಿತ್ಸೆ ನಿರಾಕರಿಸಲು ಬಳಸಿದರೆ ಬದುಕಬಹುದಾಗಿದ್ದ 30 ಜನರನ್ನು ಕೈಬಿಟ್ಟಂತೆ. 'ಸಿಎಫ್‌ಎಸ್ 6, ಐಸಿಯು ಬೇಡ' ಎಂಬ ಒಂದು ಸಾಲಿನ ಟಿಪ್ಪಣಿ ಯಾವ ಕಾರಣಕ್ಕೂ ಒಪ್ಪುವಂಥದ್ದಲ್ಲ.

ಸಿಎಫ್‌ಎಸ್ 5 ದಾಟಿದವರಿಗೆ ಮೊದಲ 24 ಗಂಟೆಯಲ್ಲಿ

ಗುಳಿಗೆ ಚೀಲ ಸುರಿದು ನೋಡಿ. ನಿದ್ದೆಗೆಂದು ನುಂಗುವ ಆಲ್ಪ್ರಜೋಲಮ್, ನೋವಿಗೆಂದು ನುಂಗುವ ಡೈಕ್ಲೋಫೆನಾಕ್, ಅಲರ್ಜಿಗೆಂದು ಹಾಕುವ ಫೆನಿರಮಿನ್ ಇಂಜೆಕ್ಷನ್: ಇವು ನಿತ್ರಾಣದ ದೇಹದಲ್ಲಿ ಗೊಂದಲ, ಬೀಳುವುದು, ಮೂತ್ರಪಿಂಡದ ಹೊಡೆತ ತರುತ್ತವೆ. ಊಟ ಬಿಟ್ಟವರಿಗೆ ಸಕ್ಕರೆ ಕಾಯಿಲೆಯ ಗುಳಿಗೆಗಳಾದ ಗ್ಲಿಬೆನ್‌ಕ್ಲಮೈಡ್, ಗ್ಲಿಮೆಪಿರೈಡ್ ಮುಂದುವರಿಸಿದರೆ ರಾತ್ರಿ ಸಕ್ಕರೆ ಕುಸಿಯುತ್ತದೆ.

ಮೂತ್ರದ ಕ್ಯಾಥೆಟರ್ ಬೇಕೇ ಎಂದು ದಿನವೂ ಕೇಳಿ, ಬೇಡವಾದರೆ ಅಂದೇ ತೆಗೆಯಿರಿ. ಸಾಧ್ಯವಾದರೆ ಮೊದಲ ದಿನವೇ ಕುರ್ಚಿಗೆ ಕೂರಿಸಿ. ಏಳಲಾಗದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಇದನ್ನು ಜೊತೆಗಿರುವವರಿಗೆ ಕೈ ಹಿಡಿದು ಕಲಿಸಬೇಕು, ಬಾಯಲ್ಲಿ ಹೇಳಿದರೆ ಆಗುವುದಿಲ್ಲ. ಕನ್ನಡಕ, ಹಲ್ಲಿನ ಸೆಟ್ಟು ಊರಲ್ಲೇ ಉಳಿದಿರುತ್ತವೆ, ತರಿಸಿ.

ಊಟ. ದವಾಖಾನೆ ಸೇರಿದ ಕೂಡಲೇ ಗಂಜಿ, ಸಾಬೂದಾಣಿ, ಚಹಾ-ಬಿಸ್ಕಿಟ್ ಮಾತ್ರ ಕೊಡುವ ರೂಢಿ ಗಟ್ಟಿಯಾಗಿ ಬೇರೂರಿದೆ, ಸ್ನಾಯು ಕರಗುವುದಕ್ಕೆ ಇದೂ ಒಂದು ಕಾರಣ. ಕಾಯಿಲೆಯಲ್ಲಿ ದಿನಕ್ಕೆ ಕೆಜಿ ತೂಕಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕು. 45 ಕೆಜಿಯ ಆಯಿಗೆ 54ರಿಂದ 67 ಗ್ರಾಂ. ಎರಡು ಮೊಟ್ಟೆಯಿಂದ 12 ಗ್ರಾಂ, 100 ಗ್ರಾಂ ಜೋಳದ ಹಿಟ್ಟಿನಿಂದ ಸುಮಾರು 10, ಲೋಟ ಹಾಲಿನಿಂದ 6–7. ಉಳಿದದ್ದಕ್ಕೆ ಹೆಸರುಕಾಳು, ಮಡಕಿ ಕಾಳು, ಬೇಳೆ, ಗಟ್ಟಿ ಮೊಸರು. ರೊಟ್ಟಿ ಅಗಿಯಲಾಗದಿದ್ದರೆ ಹಾಲಿನಲ್ಲೋ ಬೇಳೆಯಲ್ಲೋ ನೆನೆಸಿ ಕೊಡಲಿ. ಮೂತ್ರಪಿಂಡದ ಕಾಯಿಲೆಯಿದ್ದರೆ ಈ ಲೆಕ್ಕ ಬೇರೆ. ತಿನ್ನಿಸುವ ಮೊದಲು ಕೂರಿಸಿ, ಚಮಚ ನೀರು ಕೊಟ್ಟು ಕೆಮ್ಮು ಬರುತ್ತದೆಯೇ ನೋಡಿ.

7, 8 ಬಂದವರ ಮನೆಯವರೊಡನೆ ಮಾತಾಡುವಾಗ ಸ್ಕೋರಿನ ಅಂಕಿ ಹೇಳಬೇಡಿ. 'ಒಂಬತ್ತಕ್ಕ ಎಂಟು ಮಾರ್ಕ್ಸ' ಎಂದರೆ ಒಳ್ಳೆಯದೆಂದು ತಿಳಿದವರಿದ್ದಾರೆ. 'ಈ ಜಡ್ಡು ಬರೂಕ್ಕಿಂತ ಮೊದಲ ಅಜ್ಜಾರ ಮೈಯಾಗ ತ್ರಾಣ ಕಡಿಮಿ ಆಗಿತ್ರಿ. ಔಷಧ ಹಾಕತೀವಿ, ಆದರ ಪಾರಾಗೂದು ಕಷ್ಟ ಐತಿ. ಅವರು ಎಂದರ ಹಿಂಗ ಆದರ ಏನು ಮಾಡ್ರಿ ಅಂತ ಹೇಳಿದ್ರೇನು?' ಈ ಕೊನೆಯ ಪ್ರಶ್ನೆಗೆ ಬರುವ ಉತ್ತರ ಬರೆದಿಡಿ. ವೆಂಟಿಲೇಟರ್‌ನಂಥ ಜೀವರಕ್ಷಕ ಚಿಕಿತ್ಸೆ ನಿಲ್ಲಿಸುವ ಮಾತು ಬಂದರೆ ಅದಕ್ಕೆ ಸುಪ್ರೀಂ ಕೋರ್ಟ್ 2018ರಲ್ಲಿ ಹಾಕಿ 2023ರಲ್ಲಿ ಸರಳಗೊಳಿಸಿದ ಕ್ರಮವಿದೆ: ಚಿಕಿತ್ಸೆ ಮಾಡುವ ವೈದ್ಯರು ಮತ್ತು ಇಬ್ಬರು ತಜ್ಞರ ಮೊದಲ ಮಂಡಳಿ, ಆಮೇಲೆ ಹೊರಗಿನ ಸದಸ್ಯರೊಬ್ಬರಿರುವ ಎರಡನೆಯ ಮಂಡಳಿ, ಮನೆಯವರ ಒಪ್ಪಿಗೆ. ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿಯಲ್ಲಿ ಇದಕ್ಕೆ ಆದೇಶ ಹೊರಡಿಸಿದೆ. ಫ್ರೇಲ್ಟಿ ಸ್ಕೋರ್ ಆ ಮಂಡಳಿಯ ಮುಂದೆ ಒಂದು ಮಾಹಿತಿ, ಅಷ್ಟೇ.

ನಿಮ್ಮ ಆಸ್ಪತ್ರೆಯ ಅಂಕಿಗಳು

ಕೆನಡಾ, ಬ್ರಿಟನ್ನಿನ ಶೇಕಡಾವಾರು ಸಾವನ್ನು ಇಲ್ಲಿಗೆ ಎತ್ತಿ ತರಬೇಡಿ. ಇಲ್ಲಿ ರೋಗಿ ತಡವಾಗಿ ಬರುತ್ತಾರೆ, ಅವರ ವಯಸ್ಸು, ಕಾಯಿಲೆ, ನರ್ಸುಗಳ ಸಂಖ್ಯೆ ಎಲ್ಲವೂ ಬೇರೆ. ಸ್ವಂತ ರಿಜಿಸ್ಟರ್ ಬೇಕು.

ಇದರಲ್ಲಿ ದೊಡ್ಡ ಮೋಸ ಸಾವಿನ ಎಣಿಕೆಯದೇ. 'ಇನ್ನ ಉಳಿಯೂದಿಲ್ಲ, ಮನೀಗೆ ಒಯ್ತೀವ್ರಿ' ಎಂದು ಸಹಿ ಹಾಕಿ ಕರೆದೊಯ್ದವರು ಕೇಸ್ ಶೀಟಿನಲ್ಲಿ 'ಲಾಮಾ' ಅಥವಾ 'ಡಾಮಾ' (ವೈದ್ಯರ ಸಲಹೆ ಮೀರಿ ಹೋದವರು) ಆಗಿ ಉಳಿಯುತ್ತಾರೆ, ಸಾವು ದಾಖಲಾಗುವುದಿಲ್ಲ. ಹಾಗೆ ಒಯ್ಯುವುದು ಹೆಚ್ಚು ಫ್ರೇಲ್ ಇದ್ದವರನ್ನೇ. ಫಲವಾಗಿ ಆಸ್ಪತ್ರೆಯೊಳಗಿನ ಸಾವನ್ನು ಮಾತ್ರ ಎಣಿಸಿದರೆ 8ನೇ ಹಂತದವರು 6ನೇ ಹಂತದವರಿಗಿಂತ ಕಡಿಮೆ ಸಾಯುತ್ತಾರೆ ಎಂಬ ವಿಚಿತ್ರ ಕೋಷ್ಟಕ ಹೊರಡಬಹುದು. ಆದ್ದರಿಂದ ಫಲಿತಾಂಶ 'ಆಸ್ಪತ್ರೆಯಲ್ಲಿ ಸಾವು' ಆಗಿರದೆ '30 ದಿನದೊಳಗೆ ಎಲ್ಲೇ ಆದ ಸಾವು' ಆಗಿರಲಿ. ದಾಖಲಾಗುವಾಗಲೇ ಎರಡು ಫೋನ್ ನಂಬರ್ ತೆಗೆದುಕೊಳ್ಳಿ, ಒಂದು ಮನೆಯಲ್ಲಿರುವವರದು. 30ನೇ ದಿನ ಕರೆ ಮಾಡುವವರು ಕನ್ನಡ, ಮರಾಠಿ ಬಲ್ಲ ಸಿಸ್ಟರ್ ಆಗಿರಲಿ, ಮೊದಲ ಮಾತು 'ಈಗ ಹೆಂಗದಾರ್ರಿ?' ಎಂದಿರಲಿ, 'ಅದಾರೋ ಇಲ್ಲೋ' ಎಂದು ಕೇಳುವುದು ಕ್ರೂರ. ನಂಬರ್ ಸಿಗದವರನ್ನು 'ಬದುಕಿದ್ದಾರೆ' ಕಾಲಂಗೆ ಹಾಕಬೇಡಿ, ಪ್ರತ್ಯೇಕವಾಗಿ ತೋರಿಸಿ.

ಕಾಲಂಗಳು ಇಷ್ಟು ಸಾಕು: ವಯಸ್ಸು ಮತ್ತು ಅದು ಗೊತ್ತಾದ ಬಗೆ, ಲಿಂಗ, ಎಲ್ಲಿಂದ ರೆಫರ್, ಕಾಯಿಲೆ ಶುರುವಾದ ದಿನ, ಸಿಎಫ್‌ಎಸ್, ಮಾಹಿತಿ ಕೊಟ್ಟವರು, ಬಂದಾಗಿನ ನ್ಯೂಸ್-2, ಡೆಲಿರಿಯಂ, ಅಲ್ಬುಮಿನ್, ಡಿಸ್ಚಾರ್ಜ್ ಬಗೆ, 30ನೇ ದಿನದ ಸ್ಥಿತಿ. ಪ್ರಕಟಿಸುವ ಉದ್ದೇಶವಿದ್ದರೆ ಶುರುವಿಗೇ ಎಥಿಕ್ಸ್ ಸಮಿತಿಯ ಒಪ್ಪಿಗೆ ಪಡೆಯಿರಿ.

ಈ ರಿಜಿಸ್ಟರಿನಿಂದ ಸಾವಿನ ಅಪಾಯ ಅಂದಾಜಿಸುವ ಮಾದರಿ ಕಟ್ಟುವಾಗ ಒಂದೊಂದು ಅಂಶಕ್ಕೆ ಕನಿಷ್ಠ ಹತ್ತು ಸಾವಾದರೂ ಇರಬೇಕೆಂಬುದು ಹಳೆಯ ಅಂದಾಜು. 200 ರೋಗಿಗಳಲ್ಲಿ 20 ಸಾವಿದ್ದರೆ ಎರಡೇ ಅಂಶ ಸೇರಿಸಬಹುದು: ಸಿಎಫ್‌ಎಸ್ ಮತ್ತು ನ್ಯೂಸ್-2. ಹತ್ತು ಅಂಶ ತುರುಕಿದ ಪಿಜಿ ಪ್ರಬಂಧದ ಮಾದರಿ ತನ್ನ ಡೇಟಾದಲ್ಲಿ ಹೊಳೆಯುತ್ತದೆ, ಮುಂದಿನ ವರ್ಷದ ರೋಗಿಗಳಲ್ಲಿ ಕುಸಿಯುತ್ತದೆ. ಆರ್‌ಒಸಿ ಗೆರೆಯ (ಸಾಯುವವರನ್ನೂ ಬದುಕುವವರನ್ನೂ ಮಾದರಿ ಎಷ್ಟು ಬೇರ್ಪಡಿಸುತ್ತದೆ ಎಂದು ತೋರಿಸುವ ಗೆರೆ) ಕೆಳಗಿನ ವಿಸ್ತೀರ್ಣ ಒಂದನ್ನೇ ವರದಿ ಮಾಡಿ ನಿಲ್ಲಬೇಡಿ. ಅದು ಯಾರು ಮುಂದೆ, ಯಾರು ಹಿಂದೆ ಎಂಬ ಸಾಲನ್ನಷ್ಟೇ ಪರೀಕ್ಷಿಸುತ್ತದೆ. ಸಿಎಫ್‌ಎಸ್ 1–3, 4, 5, 6, 7–8 ಎಂದು ಗುಂಪು ಮಾಡಿ, ಪ್ರತಿ ಗುಂಪಿನಲ್ಲಿ ಮಾದರಿ ಹೇಳಿದ ಸಾವೆಷ್ಟು, ಆದ ಸಾವೆಷ್ಟು ಎಂದು ಪಕ್ಕಪಕ್ಕದಲ್ಲಿ ಬರೆಯಿರಿ. ಎಲ್ಲ ಗುಂಪಿನಲ್ಲೂ ಒಂದೇ ದಿಕ್ಕಿಗೆ, ಉದಾಹರಣೆಗೆ 15 ಎಂದದ್ದು 24 ಆಗಿದ್ದರೆ, ಮೂಲ ಅಪಾಯದ ಮಟ್ಟವನ್ನು ಏರಿಸಿದರೆ ಸಾಕು. ಒಂದೇ ಗುಂಪಿನಲ್ಲಿ ಹೆಚ್ಚು ತಪ್ಪಿದ್ದರೆ ಆ ಗುಂಪಿನ ಕೇಸ್ ಶೀಟು ತೆಗೆದು 'ಮಾಹಿತಿ ಕೊಟ್ಟವರು' ಕಾಲಂ ಓದಿ. ಹೆಚ್ಚಿನ ಸಲ ಉತ್ತರ ಅಲ್ಲೇ ಇರುತ್ತದೆ.